ಮಾಳಿಗೆ ಹೊಚ್ಚುವ ಮೊದಲು

ಮನೆಯ ಹಿಂಭಾಗಕ್ಕೆ ಮೊದಲ ಗುದ್ದಲಿ ಬೀಳುವ ಹಿಂದಿನ ದಿನ ಪರಸಪ್ಪ ಹೆಂಡತಿಯ ಮುಖಾಂತರ ಸೊಸೆಗೆ ಒಂದು ಮಾತು ಕೇಳಿಸಿದ. ಸೊಸೆ ಆರು ಹೆಜ್ಜೆ ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವನು ಮೆಲ್ಲಗೆ ಕೆಮ್ಮಿದರೂ ಅವಳಿಗೆ ಕೇಳಿಸುತ್ತಿತ್ತು. ಆದರೂ ಇಂಥ ಮಾತು ಇಂದ್ರವ್ವನ ಬಾಯಿಂದಲೇ ಹೋಗಬೇಕಿತ್ತು.

“ಏನವಾ ಭಾಗೀರಥಿ, ಈ ತಿಂಗಳ ಏನೂ ಇಲ್ಲಲ್ಲ?”

“ಏನೂ ಇಲ್ರಿ ಅತ್ತಿ.”

“ಇಲ್ಲಂತ್ರಿ” ಎಂದು ಇಂದ್ರವ್ವ ಗಂಡನಿಗೆ ಮುಟ್ಟಿಸಿದಳು.

“ಹಂಗಾರ ನಾಳೆ ಗುದ್ದಲಿ ಹಾಕಸ್ತೇನಿ” ಎಂದ ಪರಸಪ್ಪ. ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬದ ಹೆಣ್ಣುಮಗಳಿಗೆ ಇದು ಕೇಳುವ ಪ್ರಶ್ನೆಯೇ ಎಂದು ಅವನಿಗೆ ಹೊಳೆಯಲಿಲ್ಲ. ಆ ದಿನದ ರೊಟ್ಟಿಗಳು ದಪ್ಪಗೆ ಬಂದಿದ್ದವು, ಒಂದೆರಡು ಕರಕಲಾಗಿದ್ದವು.

ಬಸುರಿ ಇರುವ ಮನೆಗೆ ಮಾಳಿಗೆ ಹೊಚ್ಚಬಾರದು ಎಂಬುದು ಬೈಲಹೊಂಗಲದ ಆ ಓಣಿಯ ಹಳೆಯ ಕಟ್ಟು. ಗೋಡೆ ಬೇಕಾದಷ್ಟು ಏರಿಸಿ, ಮೇಲೆ ಮುಚ್ಚುವುದು ಮಾತ್ರ ಹೆರಿಗೆ ಆದ ಮೇಲೆ. ಬೇರೆ ಮನೆಗಳಲ್ಲಿ ಇದನ್ನು ಅರ್ಧ ನಂಬಿ ಅರ್ಧ ಬಿಡುತ್ತಿದ್ದರು. ಪರಸಪ್ಪ ಪೂರ್ತಿ ನಂಬಿದ್ದ, ಅವನಿಗೆ ಕಾರಣವಿತ್ತು. ಮೂವತ್ತಾರು ವರ್ಷದ ಹಿಂದೆ ಮನೆಯ ಮುಂಭಾಗಕ್ಕೆ ಮಣ್ಣಿನ ಮಾಳಿಗೆ ಹೊಚ್ಚಿದಾಗ ಇಂದ್ರವ್ವನಿಗೆ ಹದಿನೇಳು ವರ್ಷ, ಹೊಟ್ಟೆಯಲ್ಲಿ ಮೂರು ತಿಂಗಳಿತ್ತು. ಅದು ಸ್ವತಃ ಅವಳಿಗೂ ಆಗ ಗೊತ್ತಿರಲಿಲ್ಲವೆಂದು ಮನೆಯಲ್ಲಿ ಹೇಳುತ್ತಿದ್ದರು. ಏಳಕ್ಕೇ ಹುಟ್ಟಿದ ಹೆಣ್ಣುಕೂಸು ಎರಡು ದಿನ ಇತ್ತು, ಹೋಯಿತು. “ಮಾಳಿಗಿ ತಿಂತು” ಎಂದು ಪರಸಪ್ಪನ ತಾಯಿ ಶಟ್ಟೆವ್ವ ಹೇಳಿದಳು. ಆಕೆ ಸತ್ತು ಇಪ್ಪತ್ತು ವರ್ಷವಾದರೂ ಆ ಮಾತು ಸಾಯಲಿಲ್ಲ. ಪರಸಪ್ಪ ಬೇಸಿಗೆಯಲ್ಲಿ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದ, ಮಳೆಗಾಲದಲ್ಲಿ ಒಳಗೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಆ ಮಾಳಿಗೆಯ ಕೆಳಗೆ ಅವನು ಅಂಗಾತ ಮಲಗಿದ್ದನ್ನು ಕಂಡವರಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿಯ ಯುಗಾದಿ ಮುಗಿದ ವಾರ. ಯೋಜನೆ ಸಣ್ಣದೇ. ಹಿಂದಿನ ಹಳೆಯ ಅಡುಗೆಮನೆ, ಬಚ್ಚಲು, ಸಂಡಾಸ ಮೂರನ್ನೂ ಕೆಡವಿ ಆ ಜಾಗದಲ್ಲಿ ಹೊಸ ಅಡುಗೆಮನೆ, ಮಗ ಸೊಸೆಗೆ ಒಂದು ಕೋಣೆ, ಚಿಲಕವಿರುವ ಬಚ್ಚಲು-ಸಂಡಾಸ, ಇಷ್ಟಕ್ಕೂ ಸಿಮೆಂಟಿನ ಸ್ಲ್ಯಾಬ್. ಹತ್ತಿ ಪೇಟೆಯಲ್ಲಿ ತೂಕ ಮಾಡಿ ಮಾಡಿ ರಿಟೈರ್ ಆದ ಪರಸಪ್ಪನಿಗೆ ಕಣ್ಣಳತೆಯ ಮೇಲೆ ಭಾರೀ ಭರವಸೆ. “ಎರಡ ತಿಂಗಳ ಕೆಲಸ” ಎಂದು ಅವನೇ ತೂಗಿ ಹೇಳಿದ. ಗೌಂಡಿ ಟಿಪ್ಪುಸಾಬ ಸಂಪಗಾಂವದವನು, ಗೋಡೆಯ ಕೆಲಸದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಹೆಸರಾದವನು. ಅವನೂ “ಕಾರ ಹುಣ್ಣಿವಿ ದಿನ ಹೊಸಾ ಅಡಗಿಮನ್ಯಾಗ ಹೋಳಿಗಿ ಊಟಾ ಮಾಡ್ರಿ ಯಜಮಾನ್ರ” ಎಂದ.

ಕೆಡವುವುದು ಎರಡೇ ದಿನದಲ್ಲಿ ಮುಗಿಯಿತು. ಈ ಮನೆಯಲ್ಲಿ ಹೇಳಿದ ಹೊತ್ತಿಗೆ ಮುಗಿದ ಕೆಲಸ ಅದೊಂದೇ.

ಮೊದಲು ಉಸುಕಿನ ಲಾರಿ ಬರಲಿಲ್ಲ. ಇಪ್ಪತ್ತು ದಿನ ಕಾದ ಮೇಲೆ ಬಂತು, ಬಂದಾಗ ಟಿಪ್ಪುಸಾಬ ಇರಲಿಲ್ಲ, ಮಗಳ ಲಗ್ನವೆಂದು ಊರಿಗೆ ಹೋಗಿದ್ದ. ಲಗ್ನ ಮುಗಿಸಿ ಬಂದು ಅರ್ಧ ಆಳು ಎತ್ತರ ಗೋಡೆ ಏರಿಸಿದ, ಅಷ್ಟರಲ್ಲಿ ಇಟ್ಟಂಗಿ ತೀರಿದವು. ಇಟ್ಟಂಗಿ ಬರುವ ತನಕ ಕಿತ್ತೂರಿನಲ್ಲೊಂದು ಸಣ್ಣ ಕೆಲಸವಿದೆ ಎಂದು ಹೊರಟು ನಿಂತ. ಪರಸಪ್ಪ ಅಡ್ಡ ಬಂದ.

“ಹೋದಾವ್ರು ಹೊಳ್ಳಿ ಬರ್ತೀರಂತ ಏನ ಗ್ಯಾರಂಟಿ?”

ಟಿಪ್ಪುಸಾಬ ಚೀಲದಿಂದ ಗಾರೆ ಮೆತ್ತುವ ಥಾಪಿ ತೆಗೆದು ಗೋಡೆಯ ಮೇಲಿಟ್ಟ. “ನನ್ನ ಥಾಪಿ ಇಲ್ಲೇ ಇರ್ತೈತ್ರಿ. ಥಾಪಿ ಬಿಟ್ಟ ಗೌಂಡಿ ಎಲ್ಲಿಗೆ ಹೋಗ್ತಾನ?”

ಪರಸಪ್ಪನಿಗೆ ಸಮಾಧಾನವಾಯಿತು. ಥಾಪಿಯನ್ನು ಒರೆಸಿ ದೇವರ ಗೂಡಿನ ಪಕ್ಕ ಇಟ್ಟ. ಒಂದು ತಿಂಗಳಾದ ಮೇಲೆ ಮಗ ಮಾಂತೇಶ ಕಿತ್ತೂರಿನ ಆ ಮನೆ ನೋಡಿ ಬಂದು, ಅಲ್ಲಿಯೂ ಟಿಪ್ಪುಸಾಬನ ಒಂದು ಥಾಪಿ ದೇವರ ಗೂಡಿನ ಪಕ್ಕವೇ ಇದೆ ಎಂಬ ಸುದ್ದಿ ತಂದ.

ಹೀಗೆ ಕಾರ ಹುಣ್ಣಿವೆ ಬಂತು, ಹೋಯಿತು. ಹೋಳಿಗೆಯನ್ನು ಪಡಸಾಲೆಯಲ್ಲೇ ಸ್ಟೋ ಮೇಲೆ ಬೇಯಿಸಿ ಪಡಸಾಲೆಯಲ್ಲೇ ಉಂಡರು. ಮಳೆ ಹಿಡಿಯಿತು. ಮನೆ ಎಂದರೆ ಈಗ ಪಡಸಾಲೆ ಮತ್ತು ಅದರ ಬದಿಯ ಒಂದು ಕತ್ತಲು ಕೋಣೆ, ಅಷ್ಟೇ. ಹಿಂದಿನ ಬಾಗಿಲಿಗೆ ತಗಡು ಬಡಿದಿದ್ದರಿಂದ ಹಿತ್ತಲಿಗೆ ಹೋಗಬೇಕಾದರೆ ಓಣಿ ಸುತ್ತಿ ಹೋಗಬೇಕು. ಒಂದೇ ಜಾಗದಲ್ಲಿ ಒಲೆ, ದೇವರು, ಹಾಸಿಗೆ, ಜೋಳದ ಚೀಲ, ಕೊಡಗಳು. ಒಬ್ಬರು ಉಣ್ಣಲು ಕೂತರೆ ಇನ್ನೊಬ್ಬರು ಎದ್ದು ಹೊರಗೆ ನಿಲ್ಲಬೇಕು. ಪಲ್ಯದಲ್ಲಿ ಉಸುಕು, ಮಜ್ಜಿಗೆಯಲ್ಲಿ ಉಸುಕು. ಇಂದ್ರವ್ವ ಯಾರ ಮೇಲೋ ಇರುವ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸುತ್ತಿದ್ದಳು, ಪರಸಪ್ಪ ಅದು ತನ್ನ ಮೇಲಿನ ಸಿಟ್ಟೇ ಎಂದು ಸರಿಯಾಗಿಯೇ ತಿಳಿದು ಕಟ್ಟೆಗೆ ಹೋಗಿ ಕೂರುತ್ತಿದ್ದ. ಮಾಂತೇಶನಿಗೆ ಮಾತ್ರ ಒಂದು ದಾರಿಯಿತ್ತು. ಅವನು ಬಸ್ ಕಂಡಕ್ಟರ್. ದಿನ ಬಿಟ್ಟು ದಿನ ಸಿರಸಂಗಿಯ ವಸ್ತಿ ಗಾಡಿ, ರಾತ್ರಿ ಅಲ್ಲೇ. ಮೊದಲು ಆ ಡ್ಯೂಟಿಗೆ ಗೊಣಗುತ್ತಿದ್ದವನು ಈಗ ಸುಮ್ಮನಾಗಿದ್ದ.

ಹೆಂಗಸರಿಗೆ ಅಂಥ ವಸ್ತಿ ಗಾಡಿ ಇರಲಿಲ್ಲ. ನಸುಕಿನಲ್ಲಿ ಅತ್ತೆ ಸೊಸೆ ಇಬ್ಬರೂ ಚೊಂಬು, ಸೀರೆ ಹಿಡಿದು ಎರಡು ಮನೆ ಆಚೆಗಿನ ಕೃಷ್ಣವ್ವನ ಬಚ್ಚಲಿಗೆ ಹೋಗುತ್ತಿದ್ದರು. ಕೃಷ್ಣವ್ವ ಕೆಟ್ಟವಳಲ್ಲ. ಆದರೆ ದಿನಕ್ಕೊಂದು ಮಾತು ಒಗೆಯದೆ ಬಾಗಿಲು ತೆಗೆಯುತ್ತಿರಲಿಲ್ಲ.

“ಬರ್ರಿ ಬರ್ರಿ. ನಿಮ್ಮ ಅರಮನಿ ಮುಗಿಯೂದ್ರಾಗ ನಮ್ಮ ಬಚ್ಚಲದ ಕಲ್ಲ ಸವದ ಹೋಗ್ತಾವ.”

ಇಂದ್ರವ್ವ ನಕ್ಕು ಒಳಗೆ ಹೋಗುತ್ತಿದ್ದಳು. ಭಾಗೀರಥಿಗೆ ನಗು ಬರುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಅರಮನೆಯಲ್ಲ, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ. ಹಗಲು ಹೊತ್ತಿನಲ್ಲಿ ಕೃಷ್ಣವ್ವನ ಗಂಡ ಮನೆಯಲ್ಲಿರುತ್ತಾನೆ ಎಂದು ಅವಳು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಇಂಥ ಹೊತ್ತಿನಲ್ಲಿ, ಶ್ರಾವಣ ಕಾಲಿಟ್ಟ ವಾರ, ಭಾಗೀರಥಿಗೆ ತನ್ನ ಹೊಟ್ಟೆಯ ಸುದ್ದಿ ತಿಳಿಯಿತು. ನಾಲ್ಕು ವರ್ಷ ಹರಕೆ ಹೊತ್ತು ಕೇಳಿದ್ದು ಬೇಡದ ಹೊತ್ತಿಗೆ ಬಂದಿತ್ತು. ಸಂತೋಷವೂ ಹೆದರಿಕೆಯೂ ಒಟ್ಟಿಗೇ ಬಂದು ಅವಳು ಜೋಳದ ಚೀಲದ ಹಿಂದೆ ಕೂತು ಅತ್ತಳು, ಅಳುವುದಕ್ಕೂ ಆ ಮನೆಯಲ್ಲಿ ಬೇರೆ ಜಾಗವಿರಲಿಲ್ಲ. ಮರುದಿನ ಮಾಂತೇಶ ಡ್ಯೂಟಿ ಮುಗಿಸಿ ಬಂದವನು ಗೋಡೆಗೆ ನೀರು ಹೊಡೆಯುತ್ತಿದ್ದ ಹೆಂಡತಿಯ ಹತ್ತಿರ ಹಿತ್ತಲಿಗೆ ಬಂದಾಗ ಹೇಳಿದಳು.

ಅವನು ಕೈಯಲ್ಲಿದ್ದ ಟಿಕೆಟ್ ಪೆಟ್ಟಿಗೆಯನ್ನು ಹಸಿ ಗೋಡೆಯ ಮೇಲೆಯೇ ಇಟ್ಟುಬಿಟ್ಟ. ಮುಖ ಅರಳಿತ್ತು. “ಯವ್ವಗ ಹೇಳೂನು ನಡಿ.”

“ಬ್ಯಾಡ್ರಿ! ಹೇಳಿದ್ರ ಕೆಲಸಾ ನಿಲ್ತೈತಿ.”

“ನಿಲ್ಲಲೇಳು.”

“ನಿಲ್ಲಲಿ? ಹಡಿಯೂ ತನಕ ಅಂದ್ರ ಮುಂದಿನ ಬ್ಯಾಸಗಿ. ಆಮ್ಯಾಲ ಮಳಿ. ಬಾಣಂತನ ಎಲ್ಲಿ ಮಾಡೂದು, ಕೃಷ್ಣವ್ವನ ಬಚ್ಚಲದಾಗ? ರಾಮದುರ್ಗದಾಗ ನಮ್ಮಣ್ಣಂದು ಒಂದ ಕೋಲಿ ಐತಿ, ಅದರಾಗ ಐದ ಮಂದಿ. ನೀವು ಸಿರಸಂಗ್ಯಾಗ ಹೋಗಿ ಮಕ್ಕೋತೀರಿ. ಇಲ್ಲಿ ಇರೂದು ನಾನು.”

ಮಾಂತೇಶ ಗೋಡೆ ನೋಡಿದ. ಗೋಡೆಗಳು ಆಗ ಬಾಗಿಲ ಎತ್ತರಕ್ಕೆ ಬಂದಿದ್ದವು. “ಟಿಪ್ಪುಸಾಬ ಹದಿನೈದ ದಿನಕ್ಕ ಸ್ಲ್ಯಾಬ್ ಅಂದಾನ” ಎಂದ.

“ಹದಿನೈದ ದಿನಾ ಬಾಯಿ ಮುಚಗೊಂಡಿರ್ರಿ. ಸ್ಲ್ಯಾಬ್ ಬಿದ್ದ ಮರುದಿನ ನಾನ ಹೇಳ್ತೇನಿ.”

ಹೀಗೆ ಆ ಮನೆಯಲ್ಲಿ ಸ್ಲ್ಯಾಬಿಗೂ ಭಾಗೀರಥಿಯ ಹೊಟ್ಟೆಗೂ ಪೈಪೋಟಿ ಶುರುವಾಯಿತು. ಯಾವುದು ಮೊದಲು ಕಾಣಿಸುತ್ತದೋ ಅದು ಗೆದ್ದಂತೆ.

ಹದಿನೈದು ದಿನ ಹೋಗಿ ಗಣಪತಿ ಹಬ್ಬ ಬಂತು. ಸೆಂಟ್ರಿಂಗಿನ ಹಲಗೆಗಳು ಬಂದವು, ನಾಲ್ಕೇ ದಿನಕ್ಕೆ ಹಲಗೆಯ ಮಾಲೀಕ ಬಂದು, ಇನ್ನೊಂದು ಕಡೆ ಅರ್ಜೆಂಟಿದೆ, ಎಂಟು ದಿನಕ್ಕೆ ತಂದುಕೊಡುತ್ತೇನೆ ಎಂದು ಹೇರಿಕೊಂಡು ಹೋದ. ಎಂಟು ದಿನ ಮೂವತ್ತಾದವು. ಪರಸಪ್ಪ ಸೈಕಲ್ ತುಳಿದು ಅವನ ಮನೆಗೆ ಹೋಗಿ ಕೂಗಾಡಿ ಬಂದ. ಆ ದಿನ ಅವನಿಗೆ ರೊಟ್ಟಿ ಇಳಿಯಲಿಲ್ಲ.

“ನಿಮಗ ಹೇಳಿದ್ನಿ, ಹಿಂದಿನ ಬಚ್ಚಲಾ ಅಷ್ಟ ಉಳಿಸಿ ಕೆಡವ್ರಿ ಅಂತ” ಎಂದು ಇಂದ್ರವ್ವ ಶುರು ಮಾಡಿದಳು.

“ಯಾವಾಗ ಹೇಳಿದ್ದಿ?”

“ಕೆಡುವೂ ದಿನ. ನೀವು ಕೇಳಲಿಲ್ಲ, ತೂಕಾ ಮಾಡ್ಲಿಕತ್ತಿದ್ರಿ.”

“ಏನ ತೂಕಾ?”

“ನಿಮ್ಮ ಶ್ಯಾಣ್ಯಾತನದ್ದು!”

ಭಾಗೀರಥಿ ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಈಗ ಸ್ಟೋದ ಸೀಮೆಎಣ್ಣೆ ವಾಸನೆಗೆ ಹೊಟ್ಟೆ ತೊಳಸಿ ಬಂದು, ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ಓಣಿಯ ಗಟಾರದ ಹತ್ತಿರ ಕಕ್ಕುವಾಗ ಹಿಂದಿನಿಂದ ಅತ್ತೆಯ ದನಿ ಕೇಳಿತು.

“ಸ್ಟೋ ಹತ್ತಸಾಕ ಬರೂದಿಲ್ಲ ಏನಿಲ್ಲ! ಹೊಗಿ ಎಬ್ಬಿಸಿ ಮನೀ ತುಂಬ ಮಾಡ್ತಿ. ನಾಳಿಂದ ಸ್ಟೋ ಮುಟ್ಟಬ್ಯಾಡ ನೀನು. ನಾ ಮಾಡ್ತೇನಿ.”

ಆ ದಿನದಿಂದ ಇಂದ್ರವ್ವನ ಬಾಯಿ ಸೊಸೆಯ ಮೇಲೆ ವಿಪರೀತವಾಯಿತು. ಮನೆಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಗೋಡೆಗಳಿಗೆ ಎರಡು ಹೊತ್ತು ನೀರು ಹೊಡೆಯಬೇಕು, ಅದಕ್ಕೆ ಓಣಿಯ ಕೊನೆಯ ಬೋರಿಂಗಿನಿಂದ ಕೊಡ ಹೊರಬೇಕು. ಭಾಗೀರಥಿ ತುಂಬಿದ ಕೊಡ ಟೊಂಕಕ್ಕೇರಿಸಿದರೆ ಸಾಕು, ಇಂದ್ರವ್ವ ಎಲ್ಲಿದ್ದರೂ ಬಂದು ಕಸಿಯುತ್ತಿದ್ದಳು. “ಅರ್ಧಾ ನೀರ ಓಣ್ಯಾಗ ಚೆಲ್ಲತಿ. ಇಲ್ಲಿ ಕೊಡು. ಗೋಡಿ ತೊಯ್ಯಬೇಕು, ನಿನ್ನ ಸೀರಿ ಅಲ್ಲ.” ಜೋಳದ ಚೀಲ ಸರಿಸಲು ಹೋದರೆ “ಚೀಲಾ ಹರಿತಿ, ಬಿಡು.” ಉಣ್ಣಲು ಕೂತರೆ “ಕಾಗಿ ತಿಂದಂಗ ತಿಂತಿ, ಮಂದಿ ನನಗ ಅಂತಾರ” ಎಂದು ಇನ್ನೊಂದು ರೊಟ್ಟಿ, ಅದರ ಮೇಲೆ ಬೆಣ್ಣೆ. ಭಾಗೀರಥಿಗೆ ದುಃಖವಾಗುತ್ತಿತ್ತು. ಮಕ್ಕಳಿಲ್ಲದವಳೆಂದು ಅತ್ತೆಗೆ ತನ್ನನ್ನು ಕಂಡರೆ ಆಗುವುದಿಲ್ಲ ಎಂದು ಅವಳು ಖಂಡಿತವಾಗಿ ನಂಬಿದಳು. ಅತ್ತೆ ಮನೆಯಲ್ಲಿಲ್ಲದ ಹೊತ್ತು ನೋಡಿ, ಹಟಕ್ಕೆ, ಎರಡೆರಡು ಕೊಡ ಹೊತ್ತಳು. ಕೆಲಸ ಮಾಡದಿದ್ದರೆ ಗುಟ್ಟು ಬಯಲಾಗುತ್ತದೆ ಎಂಬ ಹೆದರಿಕೆಯೂ ಅದರಲ್ಲಿತ್ತು.

ದಸರೆಯ ಮುಂದೆ ಮಾಂತೇಶ ತಡೆಯಲಾರದೆ, ಅಣ್ಣನನ್ನು ನೋಡಿ ಬರುವ ನೆಪದಲ್ಲಿ ಅವಳನ್ನು ರಾಮದುರ್ಗಕ್ಕೆ ಕರೆದೊಯ್ದ. ಬೈಲಹೊಂಗಲದ ದವಾಖಾನೆಗೆ ಹೋದರೆ ಸಂಜೆಯೊಳಗೆ ಸುದ್ದಿ ಅಪ್ಪನ ಕಟ್ಟೆಗೆ ಬರುತ್ತಿತ್ತು. ರಾಮದುರ್ಗದ ಡಾಕ್ಟರಬಾಯಿ ಹೊಟ್ಟೆ ನೋಡಿ, ಟೊಂಕದ ನೋವು ಕೇಳಿ, ಇಬ್ಬರನ್ನೂ ಬೈದಳು. “ಕೂಸು ಕೆಳಗ ಅದ. ಭಾರಾ ಎತ್ತಬ್ಯಾಡಾ. ಒಂದ ಕೊಡಾ ಸೈತ ಎತ್ತಬ್ಯಾಡಾ. ಮಾತ ತಿಳೀತಿಲ್ಲೋ?”

ವಾಪಸು ಬರುವಾಗ ಬಸ್ಸಿನಲ್ಲಿ ಮಾಂತೇಶ, “ಇವತ್ತ ಹೇಳಿಬಿಡ್ತೇನಿ” ಎಂದ.

“ಹಲಿಗಿ ಬಂದಾವ. ಕಬ್ಬಿಣಾ ಕಟ್ಟಾಕ ಹತ್ಯಾರ. ಇಷ್ಟ ದಿನಾ ತಡದೀನಿ, ಈಗ ಹೇಳಿದ್ರ ತಡದದ್ದೆಲ್ಲಾ ನೀರಾಗ ಹೋಗ್ತೈತಿ.”

“ಕೂಸಿಗೆ ಏನರ ಆದ್ರ?”

ಅವಳು ಕಿಟಕಿಯ ಕಡೆ ತಿರುಗಿದಳು. ಹೇಳಿದರೆ ಒಂದು ಸಂಕಟ, ಹೇಳದಿದ್ದರೆ ಇನ್ನೊಂದು.

ಕಬ್ಬಿಣ ಕಟ್ಟಿದ ಮೇಲೂ ಒಂದು ತಿಂಗಳು ಹೋಯಿತು. ಜಲ್ಲಿ ಖಡಿ ಬಂದರೆ ಸಿಮೆಂಟಿಲ್ಲ, ಸಿಮೆಂಟ್ ಬಂದರೆ ಅಕಾಲಕ್ಕೆ ಮಳೆ. ದೀಪಾವಳಿಯ ಹಣತೆಗಳನ್ನು ಹೊಸ ಗೋಡೆಯ ಮೇಲೆ ಇಟ್ಟರು, ಗಾಳಿಗೆ ಎಲ್ಲ ಆರಿದವು. ಭಾಗೀರಥಿ ಈಗ ಸೀರೆಯನ್ನು ಎತ್ತರಕ್ಕೆ, ಸಡಿಲವಾಗಿ ಉಡುತ್ತಿದ್ದಳು, ಎದುರಿಗೆ ಯಾರು ಬಂದರೂ ಕೈಯಲ್ಲೊಂದು ಮೊರವೋ ಪರಾತವೋ ಹಿಡಿಯುತ್ತಿದ್ದಳು. “ನಿಮ್ಮ ಸೊಸಿ ಯಾವಾಗ ನೋಡಿದರೂ ಹಸನ ಮಾಡತಿರ್ತಾಳ” ಎಂದಳು ಕೃಷ್ಣವ್ವ. ಇಂದ್ರವ್ವ ಆ ಮಾತಿಗೆ, “ಹೂಂನವಾ, ಜ್ವಾಳದಾಗ ಹರಳ ಭಾಳ ಅದಾವ ಈ ಸಲಾ” ಎಂದು ಉತ್ತರಿಸಿ ಅಲ್ಲಿಂದ ಸೊಸೆಯನ್ನು ಎಬ್ಬಿಸಿಕೊಂಡು ಬಂದಳು.

ಕೊನೆಗೆ ರಂಜಾನ್ ತಿಂಗಳು ಹತ್ತಿರ ಬಂದಾಗ ಟಿಪ್ಪುಸಾಬ ತಾನೇ ದಿನ ಇಟ್ಟ. “ರೋಜಾ ಶುರು ಆಗೂ ಮೊದಲ ನಿಮ್ಮ ಸ್ಲ್ಯಾಬ್ ಹಾಕಿ ಕೈ ತೊಳಕೋತೇನ್ರಿ. ಹನ್ನೆರಡ ಆಳ ಹೇಳೀನಿ. ಮುಂಜಾನೆ ಶುರು, ಮಧ್ಯಾಹ್ನ ಮೂರಕ್ಕ ಮುಕ್ತಾಯ.”

ಆ ದಿನ ಹನ್ನೆರಡು ಆಳಿನ ಬದಲು ಐದೇ ಮಂದಿ ಬಂದರು. ಉಳಿದವರು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ಹತ್ತಿ ಒಡೆದು ನಿಂತಾಗ ಯಾರ ಮನೆಯ ಸ್ಲ್ಯಾಬ್ ಯಾರಿಗೆ ಬೇಕು? ಆದರೆ ಸಿಮೆಂಟ್ ಆಗಲೇ ಕಲಸಿಯಾಗಿತ್ತು. ಟಿಪ್ಪುಸಾಬ ಮೇಲೆ ನಿಂತು ಕೂಗುತ್ತಿದ್ದ, “ಬುಟ್ಟಿ ಬರಲಿ! ಕಲಿಸಿದ್ದು ಬಿಗೀತೈತಿ!”

“ಮನೀ ಮಂದಿ ಎಲ್ಲಾ ಬರ್ರಿ” ಎಂದ ಪರಸಪ್ಪ. ಮಾಂತೇಶ ರಜೆ ಹಾಕಿ ಬಂದಿದ್ದ, ಅವನು ನಿಚ್ಚಣಿಕೆಯ ಮೇಲೆ ನಿಂತ. ಅವನ ಕೆಳಗೆ ಒಬ್ಬರು ಬೇಕಾಗಿತ್ತು, ಕೆಳಗಿನವರು ಕೊಟ್ಟ ಬುಟ್ಟಿಯನ್ನು ತಲೆಯ ಮೇಲಕ್ಕೆತ್ತಿ ಅವನ ಕೈಗೆ ಕೊಡಲು. ಎತ್ತರದ ಹೆಣ್ಣೆಂದರೆ ಭಾಗೀರಥಿ.

“ಸೊಸೀಗಿ ನಿಲ್ಲಾಕ ಹೇಳ” ಎಂದ ಪರಸಪ್ಪ ಹೆಂಡತಿಗೆ.

“ಆಕಿ ರೊಟ್ಟಿ ಮಾಡಬೇಕ್ರಿ, ಇಷ್ಟ ಮಂದಿ ಉಣ್ಣಬೇಕಲ್ಲ” ಎಂದಳು ಇಂದ್ರವ್ವ. “ನಾ ನಿಂದರತೇನಿ.”

“ನಿನಗ ಎಟಕೂದಿಲ್ಲ. ರೊಟ್ಟಿ ಆಮ್ಯಾಲ.”

ಭಾಗೀರಥಿ ಸೆರಗು ಸಿಕ್ಕಿಸಿ ಬಂದು ನಿಂತಳು. ಇನ್ನು ನಾಲ್ಕೈದು ತಾಸು, ಅಷ್ಟೇ. ಮಾಂತೇಶ ಮೇಲಿನಿಂದ ಅವಳ ಮುಖ ನೋಡಿದ, ಬೇಡವೆಂದು ಕಣ್ಣಲ್ಲೇ ಹೇಳಿದ. ಬಾಯಲ್ಲಿ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಮೊದಲ ಬುಟ್ಟಿ ಹೋಯಿತು. ಹತ್ತು ಹೋದವು. ಇಂದ್ರವ್ವ ನಡುವೆ ಬಂದು “ಸರಿ, ನಿನಗ ಲಗೂನ ಎತ್ತಾಕ ಬರೂದಿಲ್ಲ” ಎಂದು ಎಂದಿನಂತೆ ಬೈದಳು. ಪರಸಪ್ಪ “ಛಲೋ ಎತ್ತಾಕ ಹತ್ಯಾಳ, ನೀ ಸರಿ” ಎಂದು ಹೆಂಡತಿಯನ್ನೇ ಪಕ್ಕಕ್ಕೆ ಸರಿಸಿದ. ಇಪ್ಪತ್ತಾದವು. ಅಡುಗೆಮನೆಯ ಮೇಲಿನ ಪಾಲು ಮುಗಿಯುತ್ತ ಬಂತು. ಮೂವತ್ತರ ಆಚೆ ಈಚೆ, ಬುಟ್ಟಿ ತಲೆಯ ಮೇಲೆತ್ತಿದ ಭಾಗೀರಥಿಯ ತುಟಿ ಬೆಳ್ಳಗಾದವು. ಒಂದು ಕೈ ತಾನಾಗಿಯೇ ಕೆಳಗೆ ಬಂದು ಹೊಟ್ಟೆಯ ಕೆಳಭಾಗ ಹಿಡಿಯಿತು.

ಇಂದ್ರವ್ವ ಓಡಿಬಂದು ಆ ಬುಟ್ಟಿಯನ್ನು ಹೊಡೆದು ಕೆಡವಿದಳು. ಸಿಮೆಂಟು ಎಲ್ಲರ ಕಾಲ ಮೇಲೆ ಸಿಡಿಯಿತು.

“ಬಿಡ ಅದನ್ನ! ಸಾಕಿನ್ನ! ಆಕಿ ಬಸರಿ ಅದಾಳ್ರಿ. ನಾಕ ತುಂಬಿ ಐದರಾಗ ಬಿದ್ದಾವ.”

ಸಲಿಕೆಯ ಸದ್ದು ನಿಂತಿತು. ಪರಸಪ್ಪ ನಾಲ್ಕು ವರ್ಷದಲ್ಲಿ ಮೊದಲ ಸಲ ಸೊಸೆಗೆ ನೇರವಾಗಿ ಕೇಳಿದ, “ಖರೇನ?”

ಅವಳು ಹೌದೆಂದು ತಲೆ ಆಡಿಸಿದಳು.

“ನಿನಗ ಗೊತ್ತಿತ್ತೇನೋ?” ಎಂದು ಮಗನ ಕಡೆ ನೋಡಿದ.

“ಹೂಂನಪ್ಪಾ. ಶ್ರಾವಣದಿಂದ.”

“ನಿನಗ?”

“ಸ್ಟೋ ಮುಂದಿಂದ ಎದ್ದ ಓಡಿದಳಲ್ಲ, ಅವತ್ತಿಂದ” ಎಂದಳು ಇಂದ್ರವ್ವ. ಭಾಗೀರಥಿ ಅತ್ತೆಯ ಮುಖವನ್ನೇ ನೋಡಿದಳು. ಕಸಿದ ಕೊಡಗಳು, ಬೈದು ಹಾಕಿದ ಬೆಣ್ಣೆ, ಎಲ್ಲ ಒಟ್ಟಿಗೆ ನೆನಪಾಗಿ ಅವಳಿಗೆ ನಿಲ್ಲಲು ಆಗಲಿಲ್ಲ. ಇಟ್ಟಂಗಿಯ ರಾಶಿಯ ಮೇಲೆ ಕುಸಿದು ಕೂತಳು.

“ಟಿಪ್ಪುಸಾಬ್ರ, ನಿಮಗೂ ಗೊತ್ತಿತ್ತೇನು?”

ಮೇಲಿದ್ದ ಟಿಪ್ಪುಸಾಬ ಥಾಪಿ ಒರೆಸಿಕೊಂಡ. “ನನಗ ಆರ ಮಕ್ಕಳ್ರಿ ಯಜಮಾನ್ರ. ಗೋಡಿಗೆ ನೀರ ಹಾಕಾಕ ಬರೂವಾಗ ನಡಗಿ ಕಾಣ್ತೈತಿ. ನಿಮ್ಮ ಮನೀ ಮಾತು, ನಾ ಹೆಂಗ ಹೇಳ್ಲಿ?”

ಗೊತ್ತಿಲ್ಲದವನು ಪರಸಪ್ಪ ಒಬ್ಬನೇ. ಅವನ ಕುತ್ತಿಗೆಯ ನರ ಉಬ್ಬಿದವು. “ನಿಲ್ಲಸ್ರಿ! ಇಳೀರಿ ಎಲ್ಲಾರೂ! ಒಂದ ಕೂಸ ತಿಂದೈತಿ ಈ ಮನಿ, ಇನ್ನೊಂದ ತಿನಸ್ತೀರೇನು? ಎಲ್ಲಾರೂ ಕೂಡಿ ಮಾಳಿಗಿ ಬಾಯಾಗ ಹಾಕ್ತೀರೇನು?”

“ಮಾಳಿಗಿ ಹೆಸರ ತಗೀಬ್ಯಾಡ್ರಿ” ಎಂದಳು ಇಂದ್ರವ್ವ. ಅವಳ ದನಿ ಸಣ್ಣದಾಗಿತ್ತು, ಈ ಎಂಟು ತಿಂಗಳಲ್ಲಿ ಮನೆಯವರು ಕೇಳಿರದಷ್ಟು ಸಣ್ಣದು. “ಮಾಳಿಗಿ ಏನೂ ತಿಂದಿಲ್ಲ.”

“ಏನಂದಿ?”

“ನನಗ ಗೊತ್ತಿತ್ರಿ ಆವಾಗ. ಮೂರ ತಿಂಗಳಂತ ಗೊತ್ತಿತ್ತು. ಗೊತ್ತಿದ್ದೂ ಮಣ್ಣ ಹೊತ್ನಿ. ಮೂರ ದಿನಾ, ನಿಚ್ಚಣಿಕಿ ಏರಿ, ಬುಟ್ಟಿ ಮ್ಯಾಲ ಬುಟ್ಟಿ. ಎರಡನೇ ದಿನಾನ ಮೈಮ್ಯಾಲ ರಗತಾ ಕಂಡಿತ್ತು. ಬಟ್ಟಿ ಮುಚ್ಚಿಟ್ಟ ಮತ್ತ ಹೊತ್ನಿ. ಅವತ್ತಿಂದ ಟೊಂಕಾ ನೆಟ್ಟಗಾಗಲಿಲ್ಲ, ಏಳಕ್ಕ ಬಿತ್ತು. ನಿಮ್ಮವ್ವ ಮಾಳಿಗಿ ತಿಂತು ಅಂದ್ಲು. ನಾನೂ ಹೂಂ ಅಂದ್ನಿ. ನನಗ ಅಷ್ಟ ಸಾಕಾಗಿತ್ತು, ನನ್ನ ಮ್ಯಾಲ ಬರಲಿಲ್ಲಲ್ಲ ಅಂತ.” ಅವಳು ಸೊಸೆಯ ಕಡೆ ಕೈ ಮಾಡಿದಳು. “ಇವತ್ತೂ ಸುಮ್ಮನಿರಬೇಕಂತಿದ್ನಿ. ನನಗೂ ಸ್ಲ್ಯಾಬ್ ಬೇಕಾಗಿತ್ತು. ಬುಟ್ಟಿ ಎತ್ತೂದು ನೋಡಿ ತಡ್ಯಾಕ ಆಗಲಿಲ್ರಿ.”

ಪರಸಪ್ಪ ಸಿಮೆಂಟಿನ ಖಾಲಿ ಚೀಲಗಳ ಮೇಲೆ ಕೂತ. ಮಾಂತೇಶ ನಿಚ್ಚಣಿಕೆ ಇಳಿದು ಬಂದು ಹೆಂಡತಿಗೆ ನೀರು ಕುಡಿಸಿದ. ಹೊಟ್ಟೆ ಹಿಡಿದಿದ್ದ ನೋವು ಸಡಿಲಾಗಿದೆ ಎಂದು ಅವಳು ಪಿಸುಮಾತಿನಲ್ಲಿ ಹೇಳಿದಳು. ಐದು ಆಳುಗಳು ಬೀಡಿ ಹಚ್ಚಲೋ ಬೇಡವೋ ಎಂದು ನಿಂತಿದ್ದರು.

ಕೊನೆಗೆ ಟಿಪ್ಪುಸಾಬನೇ ಬಾಯಿಬಿಟ್ಟ. “ಯಜಮಾನ್ರ, ಸಿಟ್ಟಾಗಬ್ಯಾಡ್ರಿ. ಕೋಲಿ ಪಾಲು ಅರ್ಧಕ್ಕ ಬಿಟ್ರ ಸ್ಲ್ಯಾಬ್ ಸೀಳತೈತಿ, ನಾಳೆ ಸೋರ್ತೈತಿ. ಹಾಕೂದಂದ್ರ ಈಗ ಹಾಕಬೇಕು. ಬ್ಯಾಡಂದ್ರ ಕಲಿಸಿದ್ದು ಗಟಾರಕ್ಕ ಚೆಲ್ಲತೇವಿ. ನೀವು ಹೇಳಿದಂಗ.”

ಪರಸಪ್ಪ ಮೇಲೆ ನೋಡಿದ. “ಬಚ್ಚಲದ ಪಾಲು ಬ್ಯಾರೆ ಐತಲ್ಲ?”

“ಬ್ಯಾರೆ ಐತ್ರಿ. ನಡುವ ತೊಲಿ ಬರ್ತೈತಿ. ಅಲ್ಲಿಗೆ ನಿಲ್ಲಸಬಹುದು.”

“ಅದನ್ನಷ್ಟ ಬಿಡ್ರಿ. ಮುಚ್ಚಿ ಮುಗಿಸೂದು ಬ್ಯಾಡ. ಹಡದ ಮ್ಯಾಲ ಅದನ್ನ ಹೊಚ್ಚೂನು. ಉಳದದ್ದು ಹಾಕ್ರಿ.”

ಯಾವ ಬಚ್ಚಲಿಗಾಗಿ ಭಾಗೀರಥಿ ಇಷ್ಟೆಲ್ಲ ಮುಚ್ಚಿಟ್ಟಿದ್ದಳೋ ಅದೇ ಬಯಲಾಗಿ ಉಳಿಯಿತು. 

ಪರಸಪ್ಪ ಅಂಗಿ ಬಿಚ್ಚಿ ಗೋಡೆಯ ಮೇಲೆಸೆದು ಟವೆಲ್ ತಲೆಗೆ ಸುತ್ತಿದ. ಸೊಸೆ ನಿಂತ ಜಾಗದಲ್ಲಿ ಹೋಗಿ ನಿಂತ. ಅರವತ್ತೆರಡರ ಮನುಷ್ಯ, ಬುಟ್ಟಿ ಎತ್ತಿ ಎತ್ತಿ ಅವನ ತೋಳು ನಡುಗುತ್ತಿದ್ದವು. ಮಾಂತೇಶ “ಅಪ್ಪಾ, ಸಾಕಿನ್ನ” ಎಂದರೆ “ನೀ ಹಿಡಿ” ಎನ್ನುತ್ತಿದ್ದ. ಇಂದ್ರವ್ವ ಸೊಸೆಯನ್ನು ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬು ಕೊಟ್ಟು, ಸ್ಟೋ ಹಚ್ಚಿದಳು. ಬೈಯಲಿಲ್ಲ. ಬೈಗಳಿಲ್ಲದ ಮನೆ ಭಾಗೀರಥಿಗೆ ಹೊಸದೆನಿಸಿತು.

ಮಧ್ಯಾಹ್ನ ಮೂರಕ್ಕೆ ಮುಗಿಯಬೇಕಾದದ್ದು ಹೊತ್ತು ಮುಳುಗುವಾಗ ಮುಗಿಯಿತು. ಟಿಪ್ಪುಸಾಬ ಕೈಕಾಲು ತೊಳೆದು, ಬಚ್ಚಲಿಗೆ ಬಾಗಿಲು, ಚಿಲಕ ಎಂಟು ದಿನದಲ್ಲಿ ಹಾಕಿಸುತ್ತೇನೆ ಎಂದ. ಎಂದಿನಂತೆ ಥಾಪಿಯನ್ನು ಗೋಡೆಯ ಮೇಲಿಟ್ಟ. ಪರಸಪ್ಪ ಅದನ್ನೆತ್ತಿ ಅವನ ಚೀಲಕ್ಕೇ ಹಾಕಿದ.

ಸಂಜೆಯ ಊಟಕ್ಕೆ ಪಡಸಾಲೆಯಲ್ಲಿ ನಾಲ್ವರೂ ಒಟ್ಟಿಗೆ ಕೂತರು, ಯಾರೂ ಎದ್ದು ಹೊರಗೆ ಹೋಗಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಕಡಲೆಹಿಟ್ಟಿನ ಜುಣಕದ ವಡಿ, ರೊಟ್ಟಿ, ಉಳ್ಳಾಗಡ್ಡಿ. ರೊಟ್ಟಿಯಲ್ಲಿ ಇವತ್ತೂ ಉಸುಕಿತ್ತು. ಪರಸಪ್ಪನ ಬೆರಳುಗಳು ಸಿಮೆಂಟಿಗೆ ಒಡೆದಿದ್ದವು, ತುತ್ತು ಮುರಿಯಲು ಆಗುತ್ತಿರಲಿಲ್ಲ. ಇಂದ್ರವ್ವ ಅವನ ರೊಟ್ಟಿಯನ್ನು ಮುರಿದು ತಾಟಿಗೆ ಹಾಕಿದಳು.

ಅವನು ತಾಟು ನೋಡುತ್ತಲೇ ಕೇಳಿದ, “ಎಷ್ಟ ಬುಟ್ಟಿ ಹೊತ್ತಿದ್ದಿ?”

ಯಾವಾಗಿನದು ಎಂದು ಅವಳು ಕೇಳಲಿಲ್ಲ. “ಮೊದಲನೇ ದಿನಾ ನಲವತ್ತರ ತನಕಾ ಎಣಿಸಿದ್ನಿ. ಆಮ್ಯಾಲ ಎಣಸಲಿಲ್ಲ.”

“ನಾ ಕೆಳಗ ನಿಂತ ತುಂಬಿ ತುಂಬಿ ಕೊಟ್ನಲ್ಲ.”

“ನಿಮಗೇನ ಗೊತ್ತಿತ್ರಿ.”

“ಹೇಳಬೇಕಾಗಿತ್ತು” ಎಂದ ಪರಸಪ್ಪ. “ಒಂದ ಮಾತ ಹೇಳಬೇಕಾಗಿತ್ತು ನನ್ನ ಮುಂದ.”

ಇಂದ್ರವ್ವ ಇನ್ನೊಂದು ರೊಟ್ಟಿ ಮುರಿದಳು. “ಮಳಿ ಬಾಯಿಗೆ ಬಂದಿತ್ರಿ. ನಾವೆಲ್ಲಾ ದನದ ಕೊಟಗಿಯಾಗ ಮಕ್ಕೋತಿದ್ವಿ” ಎಂದಳು. “ಹೇಳಿದ್ರ ಕೆಲಸಾ ನಿಲ್ತಿತ್ತು.”

ಶ್ರಾವಣದಲ್ಲಿ ಹಿತ್ತಲಿನಲ್ಲಿ ಗಂಡನಿಗೆ ತಾನಾಡಿದ ಮಾತೇ ಅತ್ತೆಯ ಬಾಯಲ್ಲಿ ಬಂದದ್ದು ಕೇಳಿ ಭಾಗೀರಥಿಯ ಕೈ ತಾಟಿನಲ್ಲೇ ನಿಂತಿತು.